ಹೆನ್ ಡೊಮೆನ್: ವೇಲ್ಸ್‌ನ ಗಡಿಯ ಒಂದು ಮಣ್ಣುಕೋಟೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆನ್ ಡೊಮೆನ್ ಎಲ್ಲಿದೆ? ಅಲ್ಲಿ ಈಗ ಕಾಣುವುದೇನು?

ವೇಲ್ಸ್‌ನ ಪೂರ್ವ ಗಡಿಗೆ ಹೊಂದಿಕೊಂಡಿರುವ ಪೋವಿಸ್ ಪ್ರಾಂತ್ಯದಲ್ಲಿ ಮಾಂಟ್‌ಗೊಮರಿ ಎಂಬ ಪುಟ್ಟ ಊರಿದೆ. ಆ ಊರಿನಿಂದ ವಾಯವ್ಯ ದಿಕ್ಕಿಗೆ ಸುಮಾರು ಒಂದು ಮೈಲಿ ದೂರದಲ್ಲಿ, ಸೆವರ್ನ್ ನದಿಯ ಕಣಿವೆಯನ್ನು ನೋಡುವಂತಿರುವ ಒಂದು ಜೇಡಿಮಣ್ಣಿನ ದಿಣ್ಣೆಯ ಮೇಲೆ ಹೆನ್ ಡೊಮೆನ್ ಕೋಟೆಯ ಅವಶೇಷಗಳಿವೆ. ಅವಶೇಷ ಎಂದ ಕೂಡಲೇ ಮುರಿದ ಗೋಡೆ, ಬಿರುಕುಬಿಟ್ಟ ಬುರುಜುಗಳನ್ನು ನಿರೀಕ್ಷಿಸಿ ಹೋದವರಿಗೆ ಮೊದಲ ನೋಟಕ್ಕೆ ನಿರಾಸೆಯೇ ಆಗುತ್ತದೆ, ಏಕೆಂದರೆ ನೆಲದ ಮೇಲೆ ಒಂದೇ ಒಂದು ಕೋಟೆಗಲ್ಲೂ ಇಲ್ಲ. ಮರಗಳು ಬೆಳೆದಿರುವ ಕಡಿದಾದ ಒಂದು ಗುಡ್ಡೆ, ಅದರ ಪಕ್ಕಕ್ಕೆ ಹುಲ್ಲು ಹಾಸಿದ ಒಂದು ಅಂಗಳ, ಅವೆರಡನ್ನೂ ಸುತ್ತಿಕೊಂಡಿರುವ ಜೋಡಿ ಒಡ್ಡು ಮತ್ತು ಜೋಡಿ ಕಂದಕ, ಇಷ್ಟೇ ಅಲ್ಲಿ ಉಳಿದಿರುವುದು. ಆದರೂ ಮಧ್ಯಯುಗದ ಮರದ ಕೋಟೆಗಳ ವಿಷಯವಾಗಿ ಇಂದು ನಮಗೆ ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು ಈ ಒಂದು ಗುಡ್ಡೆಯ ಬುಡದಿಂದಲೇ ಬಂದಿದೆ ಎಂದರೆ ಅದು ಅತಿಶಯೋಕ್ತಿಯಲ್ಲ.

"ಮೊಟ್ ಮತ್ತು ಬೈಲಿ" ಮಾದರಿಯ ಕೋಟೆ ಎಂದರೇನು?

ಮೊಟ್ ಎಂದರೆ ಮಣ್ಣನ್ನು ಪೇರಿಸಿ ಮಾಡಿದ ಕಡಿದಾದ ದಿಬ್ಬ. ಅದರ ಸುತ್ತ ಕಂದಕ ತೋಡಿ, ಹಾಗೆ ತೋಡಿದ ಮಣ್ಣನ್ನೇ ನಡುವೆ ಸುರಿದು, ಪದರ ಪದರವಾಗಿ ಬಡಿದು ಗಟ್ಟಿಗೊಳಿಸಿ ಎತ್ತರಿಸುತ್ತಿದ್ದರು. ಹೀಗಾಗಿ ಕಂದಕ ಆಳವಾದಷ್ಟೂ ದಿಬ್ಬ ಎತ್ತರವಾಗುತ್ತಿತ್ತು. ದಿಬ್ಬದ ನೆತ್ತಿಯ ಮೇಲೆ ಮರದ ಗೋಪುರ, ಅದನ್ನು ಸುತ್ತುವರಿದು ದಿಮ್ಮಿಗಳ ಗೋಡೆ. ದಿಬ್ಬದ ಮಗ್ಗುಲಿಗಿರುವ, ತನ್ನದೇ ಕಂದಕ ಮತ್ತು ಒಡ್ಡು ಇರುವ ತಗ್ಗಿನ ಅಂಗಳವೇ ಬೈಲಿ. ಸೈನಿಕರ ವಸತಿ, ಅಡುಗೆಮನೆ, ಕಣಜ, ಕುದುರೆ ಲಾಯಗಳೆಲ್ಲ ಇರುತ್ತಿದ್ದುದು ಈ ಅಂಗಳದಲ್ಲಿ. ಹೆಸರು ಕೇಳಿದರೆ ಕನ್ನಡದ ಕಿವಿಗೆ ಬೇಲಿ ಎಂದೇ ಕೇಳಿಸುತ್ತದೆ, ಆದರೆ ಇದು ಬೇಲಿಯಲ್ಲ, ಬೇಲಿಯ ಒಳಗಿನ ಬಯಲು. ಅಂಗಳಕ್ಕೂ ದಿಬ್ಬಕ್ಕೂ ನಡುವಿನ ಕಂದಕದ ಮೇಲೆ ಮರದ ಸೇತುವೆಯೊಂದು ಇರುತ್ತಿತ್ತು. ಶತ್ರುಗಳು ಅಂಗಳದೊಳಕ್ಕೆ ನುಗ್ಗಿಬಿಟ್ಟರೆ ಉಳಿದವರು ಸೇತುವೆ ದಾಟಿ ದಿಬ್ಬವನ್ನೇರಿ ಅಲ್ಲಿಂದ ಹೋರಾಡಬೇಕು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಇಲ್ಲಿ ಒಂದು ತಮಾಷೆಯ ಸಂಗತಿಯೂ ಇದೆ. ಇಂಗ್ಲಿಷರು ಕಂದಕಕ್ಕೆ ಇಂದು ಬಳಸುವ "ಮೋಟ್" ಎಂಬ ಪದ ಫ್ರೆಂಚರ ಈ "ಮೊಟ್" ಎಂಬುದರಿಂದಲೇ ಬಂದದ್ದು. ಕಾಲಾಂತರದಲ್ಲಿ ದಿಬ್ಬದ ಹೆಸರು ಜಾರಿ ಹಳ್ಳಕ್ಕೆ ಬಿದ್ದಿತು.

ಈ ಕೋಟೆಗಳನ್ನು ಕಟ್ಟುವಾಗಿನ ದೃಶ್ಯವನ್ನು ನೋಡಬೇಕೆನ್ನುವವರು, ಫ್ರಾನ್ಸಿನ ಉತ್ತರದ ನಾರ್ಮಂಡಿಯಿಂದ ಬಂದ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಹೇಳುವ ಬೇಯೂ ಕಸೂತಿಪಟವನ್ನು ಗಮನಿಸಬಹುದು. ಹೇಸ್ಟಿಂಗ್ಸ್‌ನಲ್ಲಿ ಆಳುಗಳು ಸಲಿಕೆ ಹಿಡಿದು ದಿಬ್ಬ ಎಬ್ಬಿಸುತ್ತಿರುವುದನ್ನೂ, ಆ ದಿಬ್ಬದ ಪದರಗಳನ್ನೂ ಅದರಲ್ಲಿ ಬಣ್ಣದ ನೂಲಿನಿಂದ ಹೆಣೆದಿದ್ದಾರೆ.

ಹೆನ್ ಡೊಮೆನ್ ಎಂಬ ಹೆಸರಿನ ಅರ್ಥವೇನು?

ವೆಲ್ಷ್ ಭಾಷೆಯಲ್ಲಿ "ಹೆನ್" ಎಂದರೆ ಹಳೆಯ, "ಟೊಮೆನ್" ಎಂದರೆ ಗುಡ್ಡೆ. ಎರಡೂ ಸೇರಿದಾಗ ಟಕಾರ ಡಕಾರವಾಗಿ ಹೆನ್ ಡೊಮೆನ್ ಆಗುತ್ತದೆ. ಹಳೆ ಮತ್ತು ಕನ್ನಡ ಸೇರಿ ಹಳಗನ್ನಡ ಆಗುವಾಗ ಕಕಾರ ಗಕಾರವಾಗುವುದನ್ನು ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿತ ನಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಇಂಗ್ಲಿಷ್ ಮಾತ್ರ ಬಲ್ಲವರು ತಲೆ ಕೆರೆದುಕೊಳ್ಳುವ ಕಡೆ ಕನ್ನಡಿಗರು ಸಲೀಸಾಗಿ ದಾಟಿಹೋಗಬಹುದು. ಎರಡು ಭಾಷೆಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ, ನಾಲಗೆಯ ಸ್ವಭಾವ ಮಾತ್ರ ಒಂದೇ. ಅಂದ ಹಾಗೆ, ಇಂದಿನ ವೆಲ್ಷ್ ಮಾತಿನಲ್ಲಿ ಟೊಮೆನ್ ಎಂದರೆ ತಿಪ್ಪೆ ಎಂಬ ಅರ್ಥವೂ ಉಂಟು.

ಮಾಂಟ್‌ಗೊಮರಿ ಎಂಬ ಊರಹೆಸರು ನಾರ್ಮಂಡಿಯಿಂದ ಬಂದದ್ದು. ವೆಲ್ಷ್ ಭಾಷಿಕರು ಆ ಊರನ್ನು ಕರೆಯುವುದು ಟ್ರೆವಾಲ್ಡ್‌ವಿನ್ ಎಂದು, ಅಂದರೆ ಬಾಲ್ಡ್‌ವಿನ್ನನ ಊರು ಎಂದು. ಅಲ್ಲಿಯೂ ಬಕಾರ ವಕಾರವಾಗಿದೆ, ನಮ್ಮ ವ್ಯಾಕರಣ ಪುಸ್ತಕಗಳ "ಕಡುವೆಳ್ಪು" ಎಂಬ ಉದಾಹರಣೆಯ ಹಾಗೆ. ಈ ಬಾಲ್ಡ್‌ವಿನ್ ಯಾರೆಂಬುದು ಮುಂದಿನ ಉತ್ತರದಲ್ಲಿದೆ.

ಈ ಕೋಟೆಯನ್ನು ಕಟ್ಟಿಸಿದವರು ಯಾರು?

ನಾರ್ಮನ್ನರ ನಾಯಕನಾಗಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ಆಪ್ತನಾಗಿದ್ದ ರೋಜರ್ ಎಂಬ ನಾರ್ಮನ್ ಪಾಳೆಯಗಾರ. ಇಂಗ್ಲೆಂಡ್ ಕೈವಶವಾದ ಮೇಲೆ ವಿಲಿಯಂ ಈತನನ್ನು ಶ್ರೂಸ್‌ಬರಿಯ ಅರ್ಲ್, ಅಂದರೆ ಆ ಸೀಮೆಯ ಅಧಿಪತಿ, ಆಗಿ ನೇಮಿಸಿ, ವೇಲ್ಸ್‌ನ ಗಡಿ ಕಾಯುವ ಹೊಣೆಯನ್ನು ಒಪ್ಪಿಸಿದನು. ರೋಜರ್ 1070ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಕೋಟೆ ಎಬ್ಬಿಸಿ, ಅದಕ್ಕೆ ನಾರ್ಮಂಡಿಯಲ್ಲಿದ್ದ ತನ್ನ ಮನೆತನದ ಊರಾದ ಮಾಂಟ್‌ಗೊಮರಿಯ ಹೆಸರನ್ನೇ ಇಟ್ಟನು. ಅಂದರೆ ಮೊದಲ ಮಾಂಟ್‌ಗೊಮರಿ ಕೋಟೆ ಈ ಮಣ್ಣುಗುಡ್ಡೆಯೇ. ದೊರೆಯ ಆಜ್ಞೆಯಂತೆ 1086ರಲ್ಲಿ ಸಿದ್ಧವಾದ ಡೂಮ್ಸ್‌ಡೇ ಎಂಬ ಕಂದಾಯ ದಾಖಲೆಯಲ್ಲಿ ಅರ್ಲ್ ರೋಜರ್ ಕಟ್ಟಿಸಿದ ಈ ಕೋಟೆಯ ಉಲ್ಲೇಖವಿದೆ.

ರೋಜರ್ 1094ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಹ್ಯೂ ಅರ್ಲ್ ಆದನು; 1098ರಲ್ಲಿ ಅವನು ಆಂಗಲ್ಸಿ ದ್ವೀಪದ ಕರಾವಳಿಯಲ್ಲಿ ನಾರ್ವೆಯ ದೊರೆಯ ದಂಡಿನೊಡನೆ ನಡೆದ ಕಾಳಗದಲ್ಲಿ ಸತ್ತನು. ಆಮೇಲೆ ಪಟ್ಟಕ್ಕೆ ಬಂದ ಅಣ್ಣ ರಾಬರ್ಟ್ 1102ರಲ್ಲಿ ಒಂದನೇ ಹೆನ್ರಿಯ ವಿರುದ್ಧ ದಂಗೆಯೆದ್ದು ಎಲ್ಲವನ್ನೂ ಕಳೆದುಕೊಂಡನು. ಹೀಗೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಕೋಟೆ ಆ ಮನೆತನದ ಕೈತಪ್ಪಿ, ದೊರೆಯ ಕೃಪೆಯಿಂದ ಬಾಲ್ಡ್‌ವಿನ್ ಡಿ ಬುಲೆರ್ಸ್ ಎಂಬುವನ ಪಾಲಾಯಿತು. ಅವನ ವಂಶದವರು ಸುಮಾರು ನೂರು ವರ್ಷ ಇಲ್ಲಿಯೇ ಇದ್ದರು. ಕಟ್ಟಿಸಿದವನ ಹೆಸರು ಇಂಗ್ಲಿಷಿನಲ್ಲಿಯೂ, ಬಾಳಿದವನ ಹೆಸರು ವೆಲ್ಷ್‌ನಲ್ಲಿಯೂ ಉಳಿದುಕೊಂಡಿತು.

ಇಷ್ಟೊಂದು ಜಾಗವಿದ್ದರೂ ಇಲ್ಲಿಯೇ ಏಕೆ ಕಟ್ಟಿದರು?

ಹೊಳೆ ದಾಟುವ ಜಾಗಕ್ಕಾಗಿ. ಗುಡ್ಡೆಯಿಂದ ಕೆಳಗೆ ಸೆವರ್ನ್ ನದಿಯಲ್ಲಿ ರಿಡ್ ಖ್ವಿಮಾ ಎಂಬ ಹಾಯ್ಗಡವಿದೆ. ಇಂಗ್ಲೆಂಡಿನ ಬಯಲಿನಿಂದ ವೇಲ್ಸ್‌ನ ನಡುಭಾಗಕ್ಕೆ ಹೋಗುವ ಹಳೆಯ ದಾರಿ ಹಾದುಹೋಗುತ್ತಿದ್ದುದು ಅಲ್ಲಿಯೇ. ಈ ಹಾಯ್ಗಡದ ಮಹತ್ವವನ್ನು ಮೊದಲು ಕಂಡುಕೊಂಡವರು ನಾರ್ಮನ್ನರೇನೂ ಅಲ್ಲ. ಹತ್ತಿರದ ಫ್ರಿದ್ ವಾಲ್ಡ್‌ವಿನ್ ಎಂಬ ಬೆಟ್ಟದ ಮೇಲೆ ಕಬ್ಬಿಣ ಯುಗದ ಗಿರಿದುರ್ಗವಿದೆ, ಕಣಿವೆಯಲ್ಲಿ ಫೋರ್ಡನ್ ಬಳಿ ರೋಮನ್ನರ ದಂಡಿನ ಕೋಟೆಯಿದೆ, ಪೂರ್ವಕ್ಕೆ ಸ್ವಲ್ಪ ದೂರದಲ್ಲಿ 8ನೇ ಶತಮಾನದ ಮರ್ಸಿಯಾ ದೊರೆ ಆಫಾನ ಹೆಸರಿನ ಉದ್ದನೆಯ ಮಣ್ಣಿನ ಒಡ್ಡು ಹಾದುಹೋಗುತ್ತದೆ. ಒಬ್ಬರಾದ ಮೇಲೊಬ್ಬರು ಒಂದೇ ಬಾಗಿಲಿಗೆ ಚಿಲಕ ಹಾಕುತ್ತಾ ಬಂದರು.

ಹೊಳೆ ದಾಟುವ ಜಾಗ ಸಂಧಾನಕ್ಕೂ ಒದಗುತ್ತಿತ್ತು. ಮೂರನೇ ಹೆನ್ರಿ ದೊರೆಯು ಲೆವೆಲಿನ್ ಅಪ್ ಗ್ರಿಫಿದ್‌ನನ್ನು ವೇಲ್ಸ್‌ನ ರಾಜಕುಮಾರನೆಂದು ಒಪ್ಪಿಕೊಂಡ 1267ರ ಮಾಂಟ್‌ಗೊಮರಿ ಒಪ್ಪಂದವಾದದ್ದು ಈ ಹಾಯ್ಗಡದಲ್ಲಿಯೇ.

ಕೋಟೆ ಕಟ್ಟುವ ಮೊದಲು ಅಲ್ಲಿ ಏನಿತ್ತು?

ಹೊಲವಿತ್ತು. ಉತ್ಖನನಕಾರರು ಒಡ್ಡಿನ ಅಡಿಗೆ ಇಳಿದಾಗ, ಕೋಟೆಯ ಮಣ್ಣು ಬೀಳುವುದಕ್ಕೆ ಮುಂಚಿನ ನೆಲದಲ್ಲಿ ಉಳುಮೆಯ ಉಬ್ಬು ತಗ್ಗುಗಳು ಅಚ್ಚೊತ್ತಿದಂತೆ ಉಳಿದಿದ್ದವು. ಯಾರೋ ಎತ್ತು ಕಟ್ಟಿ ಉತ್ತಿದ್ದ ಸಾಲುಗಳ ಮೇಲೆ ಮಣ್ಣು ಸುರಿದು ಒಡ್ಡು ಎಬ್ಬಿಸಿದ್ದರಿಂದ ಆ ಸಾಲುಗಳು ಒಂಬೈನೂರು ವರ್ಷ ಮಳೆ ಗಾಳಿಗೆ ಸಿಗದೆ ಹಾಗೆಯೇ ಇದ್ದವು. ಡೂಮ್ಸ್‌ಡೇ ದಾಖಲೆಯಾದರೋ, ನಾರ್ಮನ್ನರು ಬರುವ ಮುನ್ನ ಈ ಸುತ್ತಿನ ಭೂಮಿ ಪಾಳು ಬಿದ್ದಿತ್ತೆಂದೂ, ಸೇವಾರ್, ಓಸ್ಲಾಕ್, ಅಜೋರ್ ಎಂಬ ಮೂವರು ಅದನ್ನು ಬೇಟೆಗೆ ಬಳಸುತ್ತಿದ್ದರೆಂದೂ ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಗಡಿಯ ಬದುಕಿನ ಕಷ್ಟ ಕಣ್ಣಿಗೆ ಕಟ್ಟುತ್ತದೆ: ಉತ್ತು ಬಿತ್ತುವ ಊರಿತ್ತು, ಜನ ಬಿಟ್ಟುಹೋದರು, ಹೊಲ ಕಾಡಾಯಿತು, ಕಾಡಿನ ಮೇಲೆ ಕೋಟೆ ಬಂತು. ಈ ಪುಟದ ಲೇಖಕರಿಗೆ ಇಡೀ ಗುಡ್ಡೆಗಿಂತ ಅದರಡಿಯ ಈ ನೇಗಿಲ ಸಾಲುಗಳೇ ಹೆಚ್ಚು ಮನಸ್ಸಿಗೆ ನಾಟಿವೆ.

ಇದನ್ನು ವೆಲ್ಷ್ ಕೋಟೆ ಎನ್ನಬಹುದೇ?

ನೆಲ ವೇಲ್ಸ್‌ನದು, ಕೋಟೆ ನಾರ್ಮನ್ನರದು. ಸ್ಥಳೀಯರ ಪಾಲಿಗೆ ಅದು ತಮ್ಮ ಮನೆಬಾಗಿಲಿನಲ್ಲಿ ಪರರು ಹೂಡಿದ ಠಾಣ್ಯ. ಆದ್ದರಿಂದಲೇ 1095ರಲ್ಲಿ ವೆಲ್ಷ್ ಪಡೆಗಳು ಮಾಂಟ್‌ಗೊಮರಿಯ ಮೇಲೆ ಬಿದ್ದು, ಒಳಗಿದ್ದ ಅರ್ಲ್ ಹ್ಯೂನ ಆಳುಗಳನ್ನು ಕೊಂದು ಕೋಟೆಯನ್ನು ವಶಪಡಿಸಿಕೊಂಡವು. ಎರಡನೇ ವಿಲಿಯಂ ದೊರೆ ಸಿಟ್ಟಿಗೆದ್ದು ಆ ವರ್ಷವೇ ದಂಡೆತ್ತಿ ಬಂದನು; ಆದರೆ ವೆಲ್ಷರು ಬೆಟ್ಟಗಾಡು ಸೇರಿಕೊಂಡಿದ್ದರಿಂದ ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

ಆದರೆ ವೆಲ್ಷ್ ಅರಸರು ಈ ತಂತ್ರವನ್ನು ಕಲಿಯಲು ತಡಮಾಡಲಿಲ್ಲ. ಉಕ್‌ದ್ರಿದ್ ಎಂಬ ವೆಲ್ಷ್ ಮುಖಂಡ ಕಟ್ಟಿಸಿದ ಕಮೆರ್ ಕೋಟೆಯ ಸುದ್ದಿ 1116ರ ದಾಖಲೆಯಲ್ಲಿಯೇ ಬರುತ್ತದೆ. ವೇಲ್ಸ್‌ನ ವಾಯವ್ಯ ಭಾಗದ ಗ್ವಿನೆದ್‌ ರಾಜ್ಯದ ಅರಸ ಓವೈನ್ 1149ರಲ್ಲಿ ಯಾಲ್ ಸೀಮೆಯಲ್ಲಿ ಟೊಮೆನ್ ಅ ರ್ಹೋದ್ವಿದ್ ಎಂಬ ಕೋಟೆಯನ್ನು ಎಬ್ಬಿಸಿದನು. 1157ರಲ್ಲಿ ಅದನ್ನು ಸುಟ್ಟವನು ಇಂಗ್ಲಿಷನಲ್ಲ, ಪೋವಿಸ್‌ನ ಯೊರ್ವೆರ್ತ್ ಗೋಖ್ ಎಂಬ ಇನ್ನೊಬ್ಬ ವೆಲ್ಷ್ ಅರಸುಕುಲದವನೇ. ಆದ್ದರಿಂದ ದಿಬ್ಬದ ಆಕಾರವನ್ನು ನೋಡಿದ ಮಾತ್ರಕ್ಕೆ ಇದು ಇಂಥವರದು ಎಂದು ಹೇಳಲಾಗದು.

ಮರದ ಕೋಟೆ ಎಂದರೆ ಕಲ್ಲಿನ ಕೋಟೆ ಕಟ್ಟುವವರೆಗಿನ ತಾತ್ಕಾಲಿಕ ಏರ್ಪಾಡು ಅಲ್ಲವೇ?

ಬಹುಕಾಲ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. ನಾಲ್ಕು ದಿನಕ್ಕೆ ದಿಬ್ಬ ಎಬ್ಬಿಸಿ, ಮೇಲೊಂದು ಗುಡಿಸಲಿನಂತಹ ಗೋಪುರ ನಿಲ್ಲಿಸಿ, ಹಣ ಕೂಡಿದಾಗ ಕಲ್ಲಿನ ಕೋಟೆಗೆ ಬದಲಾಯಿಸುತ್ತಿದ್ದರು ಎಂಬುದು ಆಗಿನ ಸಾಮಾನ್ಯ ಊಹೆ. ಹೆನ್ ಡೊಮೆನ್ ಆ ಊಹೆಯನ್ನು ಬುಡಮೇಲು ಮಾಡಿತು. 1070ರ ದಶಕದಿಂದ 13ನೇ ಶತಮಾನದ ಕೊನೆಯ ತನಕ, ಅಂದರೆ ಇನ್ನೂರು ವರ್ಷಗಳಿಗೂ ಮೀರಿ, ಇಲ್ಲಿ ಕೋಟೆಯಿತ್ತು. ಅಷ್ಟು ಕಾಲವೂ ಅದು ಮರ ಮತ್ತು ಮಣ್ಣಿನದಾಗಿಯೇ ಇತ್ತು. ನೆಲದಲ್ಲಿ ಹೂತ ಕಂಬ ಬುಡದಲ್ಲಿ ಕೊಳೆಯುತ್ತದೆ ಎಂಬುದು ನಿಜ, ಅದರಲ್ಲಿಯೂ ವೇಲ್ಸ್‌ನ ಮಳೆಗೆ. ಕೊಳೆತಾಗ ಕಿತ್ತು ಹೊಸದನ್ನು ನೆಡುತ್ತಿದ್ದರು, ಮನೆಗಳನ್ನು ಹೊಸ ನಕ್ಷೆಯಲ್ಲಿ ಮತ್ತೆ ಕಟ್ಟುತ್ತಿದ್ದರು, ಸೇತುವೆಯನ್ನು ಹಲವು ಬಾರಿ ಹೊಸದಾಗಿ ಹಾಕಿದರು. ಬೇಕೆಂದಾಗ ಬದಲಾಯಿಸಿಕೊಳ್ಳಬಹುದಾದ ಈ ಗುಣ ಮರದ ದೌರ್ಬಲ್ಯವಲ್ಲ, ಅನುಕೂಲ. ಮರವೆಂದರೆ ಬಡವರ ಕಲ್ಲು ಎಂದುಕೊಳ್ಳುವುದು ನಮ್ಮ ಕಾಲದ ಪೂರ್ವಗ್ರಹ; ದೊಡ್ಡ ಓಕ್ ತೊಲೆಗಳನ್ನು ಕಡಿದು, ಕೆತ್ತಿ, ಜೋಡಿಸಬಲ್ಲ ಬಡಗಿಗಳು ಆ ಕಾಲದಲ್ಲಿ ಗೌರವದ ಕಸುಬುದಾರರಾಗಿದ್ದರು.

ಬೆಂಕಿಯ ಭಯ ಮಾತ್ರ ನಿಜವಾದದ್ದೇ. ಬೇಯೂ ಕಸೂತಿಯ ಇನ್ನೊಂದು ದೃಶ್ಯದಲ್ಲಿ, ದಿನಾನ್ ಕೋಟೆಯ ಮರದ ಗೋಡೆಗೆ ಇಬ್ಬರು ಪಂಜು ಹಿಡಿಯುತ್ತಿರುವುದನ್ನು ಕಾಣಬಹುದು.

ಮರವೆಲ್ಲ ಕೊಳೆತು ಮಣ್ಣಾದ ಮೇಲೆ ಇದೆಲ್ಲ ಹೇಗೆ ಗೊತ್ತಾಯಿತು?

ತಾಳ್ಮೆಯಿಂದ. ಫಿಲಿಪ್ ಬಾರ್ಕರ್ ಎಂಬ ಪುರಾತತ್ವಜ್ಞರು 1960ರಲ್ಲಿ ಇಲ್ಲಿ ಅಗೆತ ಆರಂಭಿಸಿದರು. ಮುಂದೆ ರಾಬರ್ಟ್ ಹೈಯಮ್ ಅವರ ಜೊತೆಗೂಡಿದರು. ಕೆಲಸ 1992ರ ತನಕ ನಡೆಯಿತು. ಮೂವತ್ತೆರಡು ವರ್ಷಗಳಲ್ಲಿ ಅವರು ಮುಖ್ಯವಾಗಿ ಅಗೆದದ್ದು ಅಂಗಳದ ಉತ್ತರ ಭಾಗವನ್ನು. ಉಳಿದದ್ದನ್ನು ಮುಂದಿನವರಿಗೆಂದು ಮುಟ್ಟದೆ ಬಿಟ್ಟರು.

ಆಗಿನ ವಾಡಿಕೆಯಂತೆ ಅಲ್ಲೊಂದು ಇಲ್ಲೊಂದು ಉದ್ದನೆಯ ಕಾಲುವೆ ತೋಡಿದ್ದರೆ ಇಲ್ಲಿ ಏನೂ ಸಿಗುತ್ತಿರಲಿಲ್ಲ. ಬಾರ್ಕರ್ ಅದರ ಬದಲಿಗೆ ವಿಶಾಲವಾದ ಜಾಗವನ್ನು ಒಟ್ಟಿಗೆ ತೆರೆದು, ಮೇಲಿನ ಪದರವನ್ನು ಸಣ್ಣ ಕರಣೆಯಿಂದ ಕೆರೆದು ತೆಗೆಯುತ್ತಾ, ಕಂಡ ಕಲ್ಲುಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸುವ ಕ್ರಮವನ್ನು ಅನುಸರಿಸಿದರು. ಇದು ಏಕೆ ಬೇಕಾಗುತ್ತದೆ ಎಂದು ತಿಳಿಯಲು ಒಂದು ಕಂಬದ ಕುಳಿಯನ್ನು ಹತ್ತಿರದಿಂದ ನೋಡಬೇಕು. ಕಂಬ ನೆಡಲು ಗುಂಡಿ ತೋಡುತ್ತಾರೆ, ಕಂಬ ನಿಲ್ಲಿಸಿ ಸುತ್ತ ಕಲ್ಲು ಗಿಡಿದು ಕಲಸುಮಣ್ಣು ತುಂಬುತ್ತಾರೆ. ಕಂಬ ಕೊಳೆತಾಗ ಅದು ನಿಂತಿದ್ದ ಜಾಗಕ್ಕೆ ಮೇಲಿನ ಕಪ್ಪು ಮಣ್ಣು ಇಳಿಯುತ್ತದೆ. ಶತಮಾನಗಳ ನಂತರ ಮೇಲಿನಿಂದ ನೋಡಿದರೆ ಹಳದಿ ಜೇಡಿಯಲ್ಲಿ ಒಂದು ಮಸುಕಾದ ವೃತ್ತ, ಅದರೊಳಗೆ ಇನ್ನೊಂದು ಕಪ್ಪು ವೃತ್ತ. ಕರಣೆಯ ತುದಿಗೆ ಹೊರಗಿನದು ಗಟ್ಟಿ, ಒಳಗಿನದು ಮೆತ್ತಗೆ. ಮಣ್ಣು ಒಣಗಿದರೆ ಎರಡರ ವ್ಯತ್ಯಾಸವೂ ಮಾಯ. ಒಂದಿಷ್ಟು ನೀರು ಚಿಮುಕಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಷ್ಟಾದರೂ ಕುಳಿಗಳಿರುವ ಮನೆಗಳ ಕಥೆ ಸುಲಭ. ನೆಲದ ಮೇಲೆಯೇ ಅಡ್ಡ ತೊಲೆ ಮಲಗಿಸಿ ಅದರ ಮೇಲೆ ಎತ್ತಿದ ಮನೆಗಳು ಯಾವ ಕುಳಿಯನ್ನೂ ಬಿಡುವುದಿಲ್ಲ. ಅಂತಹ ಮನೆಯನ್ನು ಪತ್ತೆ ಹಚ್ಚಬೇಕಾದರೆ ಅಂಗಳಕ್ಕೆ ಹಾಸಿದ ಬೆಣಚುಕಲ್ಲು ಎಲ್ಲಿ ನೇರ ಗೆರೆಯಲ್ಲಿ ನಿಂತುಬಿಡುತ್ತದೆ, ಎಲ್ಲಿ ಕಾಲ್ತುಳಿತಕ್ಕೆ ಸವೆದಿದೆ, ಸೂರಿನ ನೀರು ಬಿದ್ದು ಎಲ್ಲಿ ಸಣ್ಣ ತೋಡು ಕೊರೆದಿದೆ ಎಂಬುದನ್ನೆಲ್ಲ ಗಮನಿಸಬೇಕು. ಹೆನ್ ಡೊಮೆನ್‌ನ ಉತ್ಖನನ ಪುರಾತತ್ವಶಾಸ್ತ್ರಕ್ಕೆ ಕಲಿಸಿದ ದೊಡ್ಡ ಪಾಠವೆಂದರೆ ಇದೇ: ಏನೂ ಇಲ್ಲದ ಜಾಗದ ಅಂಚನ್ನು ನೋಡುವುದು. ಗೋಡೆ ಎಷ್ಟು ಎತ್ತರವಿತ್ತು, ಛಾವಣಿ ಹೇಗಿತ್ತು ಎಂಬುದು ಬುಡದ ಗುರುತುಗಳಿಂದ ಮಾಡಿದ ತರ್ಕ ಮಾತ್ರ ಎಂಬುದನ್ನು ಮರೆಯಬಾರದು. ಪುಸ್ತಕಗಳಲ್ಲಿನ ಚಿತ್ರಗಳನ್ನು ಆ ಎಚ್ಚರದಿಂದಲೇ ನೋಡಬೇಕು.

ಅಂಗಳದಲ್ಲಿ ಏನೇನಿತ್ತು? ನಿಧಿ ಸಿಕ್ಕಿತೇ?

ನಿಧಿ ಸಿಗಲಿಲ್ಲ. ಸಿಕ್ಕಿದ್ದು ಒರಟು ಮಡಕೆಯ ಚೂರು, ಕಬ್ಬಿಣದ ತುಂಡು, ಪ್ರಾಣಿಗಳ ಎಲುಬು. ಅರ್ಲ್‌ಗಳ ಮತ್ತು ಪಾಳೆಯಗಾರರ ಕೋಟೆಯಾದರೂ ವೈಭೋಗದ ವಸ್ತುಗಳು ತೀರಾ ಕಡಿಮೆ ಎಂಬುದೇ ಒಂದು ಮಾಹಿತಿ: ಗಡಿಯ ಠಾಣ್ಯದ ಬದುಕು ಬಿಗಿಯಾಗಿತ್ತು, ಇದ್ದ ಅಲ್ಪಸ್ವಲ್ಪ ಬೆಲೆಬಾಳುವ ಸಾಮಾನನ್ನು ಹೋಗುವಾಗ ಹೊತ್ತುಕೊಂಡೇ ಹೋಗಿದ್ದಾರೆ.

ಕಟ್ಟಡಗಳು ಮಾತ್ರ ನಿರೀಕ್ಷೆ ಮೀರಿ ಸಿಕ್ಕವು. ಖಾಲಿ ಬಯಲೆಂದುಕೊಂಡಿದ್ದ ಅಂಗಳ ನಿಜವಾಗಿ ಕಿಕ್ಕಿರಿದಿತ್ತು. ದಿಬ್ಬದ ಬುಡದಲ್ಲಿ ಭಾರಿ ಮರಗಳ ದೊಡ್ಡ ಕಟ್ಟಡವೊಂದಿತ್ತು; 12ನೇ ಶತಮಾನದ ಹೊತ್ತಿಗೆ ಮನೆಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆದಿದ್ದವು; ಒಂದು ತುದಿ ಅರ್ಧವೃತ್ತದಂತೆ ಬಾಗಿದ್ದ ಕಟ್ಟಡವನ್ನು ಕೋಟೆಯವರ ಪ್ರಾರ್ಥನಾ ಮಂದಿರವಾಗಿರಬೇಕೆಂದು ಉತ್ಖನನಕಾರರು ಗುರುತಿಸಿದರು.

ಹಾಗಾದರೆ ಕೋಟೆಯನ್ನು ಬಿಟ್ಟದ್ದೇಕೆ?

ಲೆವೆಲಿನ್ ಅಬ್ ಯೊರ್ವೆರ್ತ್ ಎಂಬ ಗ್ವಿನೆದ್‌ನ ಅರಸ ಬಲಿಷ್ಠನಾದಾಗ, ಆಗಿನ್ನೂ ಹದಿನಾರರ ಆಸುಪಾಸಿನಲ್ಲಿದ್ದ ಮೂರನೇ ಹೆನ್ರಿ ದೊರೆಯ ಮಂತ್ರಿಗಳು ಗಡಿಯಲ್ಲಿ ಇನ್ನೂ ಗಟ್ಟಿಯಾದ ಕೋಟೆ ಬೇಕೆಂದು ನಿರ್ಧರಿಸಿ, 1223ರಲ್ಲಿ ಒಂದು ಮೈಲಿ ಆಚೆ ಬಂಡೆಯ ಕೋಡಿನ ಮೇಲೆ ಹೊಸ ಮಾಂಟ್‌ಗೊಮರಿ ಕೋಟೆಯನ್ನು ಆರಂಭಿಸಿದರು. ಊರೂ ಹೆಸರೂ ಅದರ ಬುಡಕ್ಕೆ ಸರಿದವು. ಹೊಸ ಕೋಟೆಯಿಂದ ಹಾಯ್ಗಡ ಅಷ್ಟು ಸ್ಪಷ್ಟವಾಗಿ ಕಾಣದೆ ಇದ್ದುದರಿಂದಲೋ ಏನೋ, ಹಳೆಯದನ್ನು ಕಾವಲು ಠಾಣೆಯಾಗಿ ಇನ್ನೂ ಕೆಲಕಾಲ ಇಟ್ಟುಕೊಂಡರು. ಮೊದಲನೇ ಎಡ್ವರ್ಡ್ 1280ರ ದಶಕದಲ್ಲಿ ವೇಲ್ಸನ್ನು ಗೆದ್ದ ಮೇಲೆ ಅಲ್ಲಿ ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಯಾರೂ ಸುಡಲಿಲ್ಲ, ಕೆಡವಲಿಲ್ಲ. ಕೊಳೆತ ಕಂಬವನ್ನು ಬದಲಾಯಿಸುವುದನ್ನು ನಿಲ್ಲಿಸಿದರು, ಅಷ್ಟೇ.

ಆ ಕಡೆಗೆ ಹೋಗುವ ಕನ್ನಡಿಗರು ನೋಡಬೇಕಾದದ್ದು ಇನ್ನೇನಾದರೂ ಇದೆಯೇ?

ಇದೆ. ಮಾಂಟ್‌ಗೊಮರಿಯಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ಉತ್ತರಕ್ಕೆ ವೆಲ್ಷ್‌ಪೂಲ್ ಊರಿನ ಪಕ್ಕದಲ್ಲಿ ಪೋವಿಸ್ ಕೋಟೆಯಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್. ಅವನ ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದವಳು. ಟಿಪ್ಪು ಸುಲ್ತಾನನ ಹೂಬಳ್ಳಿಯ ಚಿತ್ತಾರದ ಹತ್ತಿಬಟ್ಟೆಯ ಡೇರೆ ಮತ್ತು ಅವನ ಸಿಂಹಾಸನವನ್ನು ಅಲಂಕರಿಸಿದ್ದ ಹುಲಿಮುಖಗಳಲ್ಲೊಂದು ಆ ದಾರಿಯಾಗಿ ಇಲ್ಲಿಗೆ ಬಂದು ಸೇರಿವೆ. ಮಣ್ಣಿನ ಗುಡ್ಡೆ ನೋಡಲೆಂದು ಹೋದವರು ಅದೇ ದಿನ ಅದನ್ನೂ ನೋಡಿ ಬರಬಹುದು.

ಹೆನ್ ಡೊಮೆನ್ ಒಳಗೆ ಹೋಗಬಹುದೇ? ಲೋಹಶೋಧಕ ಯಂತ್ರ ಒಯ್ಯಬಹುದೇ?

ಗುಡ್ಡೆ ಇರುವುದು ಖಾಸಗಿ ಕೃಷಿಭೂಮಿಯಲ್ಲಿ. ಟಿಕೆಟ್ ಕೌಂಟರ್, ಮಾರ್ಗದರ್ಶಿ ಫಲಕ ಯಾವುದೂ ಇಲ್ಲ. ಪಕ್ಕದ ರಸ್ತೆಯಿಂದ ನೋಡಲು ಯಾರ ಅಡ್ಡಿಯೂ ಇಲ್ಲ. ಒಳಗೆ ಕಾಲಿಡಬೇಕಾದರೆ ಭೂಮಾಲೀಕರ ಅನುಮತಿ ಬೇಕು. ಎಲೆ ಉದುರಿದ ಚಳಿಗಾಲದಲ್ಲಿ, ಇಳಿಬಿಸಿಲಿನಲ್ಲಿ ಒಡ್ಡು ಕಂದಕಗಳ ನೆರಳು ಉದ್ದವಾಗಿ ಬಿದ್ದಾಗ ಆಕಾರ ಚೆನ್ನಾಗಿ ಕಾಣುತ್ತದೆ. ಅಗೆತದಿಂದ ತಿಳಿದುಬಂದ ವಿಷಯಗಳನ್ನು ಮಾಂಟ್‌ಗೊಮರಿಯ ಓಲ್ಡ್ ಬೆಲ್ ವಸ್ತುಸಂಗ್ರಹಾಲಯದಲ್ಲಿ ತೋರಿಸಿದ್ದಾರೆ, ಗುಡ್ಡೆಗೆ ಹೋಗುವ ಮೊದಲೇ ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಲೋಹಶೋಧಕ ಯಂತ್ರವನ್ನು ಒಯ್ಯಬಾರದು. ಇದು ಕಾನೂನಿನ ರಕ್ಷಣೆಯಿರುವ ಸ್ಮಾರಕ. ಸರ್ಕಾರದ ಒಪ್ಪಿಗೆಯಿಲ್ಲದೆ ಇಲ್ಲಿ ಯಂತ್ರ ಆಡಿಸುವುದೂ ನೆಲ ಕೆದಕುವುದೂ ಅಪರಾಧ, ಭೂಮಾಲೀಕರು ಒಪ್ಪಿದ್ದರೂ ಸರಿಯೇ. ಒಂದು ಮೊಳೆಗಾಗಿ ತೋಡುವ ಗುಂಡಿ ಒಂದು ಕಂಬದ ಕುಳಿಯನ್ನು ಅಳಿಸಿಹಾಕಬಲ್ಲದು.